ಸುಳ್ಳೂರುಪೇಟೆ

ಹಾಸನದವರನ್ನು ಕೇಳಿ ನೋಡಿ, ಬೇಲೂರಿಗೆ ಕೊನೆಯ ಸಲ ಹೋಗಿದ್ದು ಯಾವಾಗ ಅಂತ. ಯಾರೋ ನೆಂಟರು ಬಂದಿದ್ದಾಗ ಅನ್ನುತ್ತಾರೆ. ಹತ್ತಿರದಲ್ಲೇ ಇರುವುದನ್ನು ನೋಡಲು ನೆಂಟರೇ ಬರಬೇಕು. ನಾನು ಚೆನ್ನೈಗೆ ಬಂದು ಹನ್ನೊಂದು ವರ್ಷವಾಯಿತು. ವೇಳಚೇರಿಯ ನಮ್ಮ ಮನೆಯಿಂದ ಶ್ರೀಹರಿಕೋಟೆ ನೂರು ಚಿಲ್ಲರೆ ಕಿಲೋಮೀಟರ್. ಅಲ್ಲಿಂದ ಹಾರಿದ ರಾಕೆಟ್ಟುಗಳನ್ನೆಲ್ಲ ನಾನು ನೋಡಿರುವುದು ಯೂಟ್ಯೂಬಿನಲ್ಲಿ, ಅದೂ ಆಫೀಸಿನ ಎರಡನೇ ಮಾನಿಟರಿನ ಮೂಲೆಯಲ್ಲಿ. ಮೊದಲನೆಯದರಲ್ಲಿ ಎಕ್ಸೆಲ್ ತೆರೆದಿರುತ್ತದೆ, ಯಾರಾದರೂ ಹಿಂದೆ ಬಂದು ನಿಂತರೆ ಇರಲಿ ಅಂತ.

2024ರಲ್ಲಿ ನನಗೂ ನೆಂಟರು ಬಂದರು. ಅಪ್ಪ.

ಅಮ್ಮ ಹೋಗಿ ವರ್ಷವಾಗಿತ್ತು. ವರ್ಷಾಬ್ದಿಕ ಮುಗಿಸಿ ಅಕ್ಟೋಬರಿನಲ್ಲಿ ಅಪ್ಪನನ್ನು ಕರೆದುಕೊಂಡು ಬಂದೆ. ಮನಸ್ಸಿನಲ್ಲಿ ಇದು ಕಾಯಂ ಅಂತಲೇ ಲೆಕ್ಕ ಹಾಕಿದ್ದೆ. ಅವರಿಗೆ ಹೇಳಿರಲಿಲ್ಲ, ಅಷ್ಟೇ. ಎಪ್ಪತ್ತನಾಲ್ಕು ವರ್ಷ, ಒಂದು ಕಣ್ಣಿಗೆ ಪೊರೆ ತೆಗೆಸಿದೆ, ಇನ್ನೊಂದಕ್ಕೆ ಬಾಕಿ. ಹಾಸನದ ಮನೆಯಲ್ಲಿ ಒಬ್ಬರೇ ಇದ್ದರೆ ರಾತ್ರಿ ಬಚ್ಚಲಲ್ಲಿ ಜಾರಿದರೂ ಬೆಳಿಗ್ಗೆ ಹಾಲಿನವನು ಬಂದ ಮೇಲೇ ಗೊತ್ತಾಗುವುದು. ಅವರ ಕೋಣೆಗೆ ಎಸಿ ಹಾಕಿಸಿದೆ, ಟಿವಿಗೆ ಕನ್ನಡ ಚಾನೆಲ್ಲುಗಳ ಪ್ಯಾಕ್ ಹಾಕಿಸಿದೆ. ಅವರು ಒಂದು ತಿಂಗಳು ಬಾಲ್ಕನಿಯಲ್ಲಿ ಕೂತು ಎದುರಿನ ಅಪಾರ್ಟ್‌ಮೆಂಟಿನ ಬಾಲ್ಕನಿ ನೋಡಿದರು. ನವೆಂಬರಿನಲ್ಲಿ ಒಂದು ದಿನ ಊಟಕ್ಕೆ ಕೂತಾಗ, ಡಿಸೆಂಬರ್ 6ರ ರಾತ್ರಿ ರೈಲಿಗೆ ಬೆಂಗಳೂರಿಗೆ ಟಿಕೆಟ್ ಆಗಿದೆ, ಅಲ್ಲಿಂದ ಹಾಸನಕ್ಕೆ ಬಸ್ಸಿನಲ್ಲಿ ಹೋಗ್ತೀನಿ ಅಂದರು. ಬುಕ್ ಮಾಡಿಸಿದ್ದು ಕೆಳಮನೆಯ ಪಾಲಿಟೆಕ್ನಿಕ್ ಹುಡುಗನ ಕೈಲಿ. ಮನೆಯಲ್ಲಿ ಐಟಿಯವರು ಇಬ್ಬರಿದ್ದೂ.

ಜಗಳವೇನೂ ಆಗಲಿಲ್ಲ. ನಮ್ಮ ಮನೆಯಲ್ಲಿ ಜಗಳ ಆಗುವುದಿಲ್ಲ, ಸಾರಿಗೆ ಉಪ್ಪು ಕಡಿಮೆಯಾಗಿದೆ ಅನ್ನುವ ಮಾತು ಹೆಚ್ಚಾಗುತ್ತದೆ. ಹೋಗುವ ಮುಂಚೆ ಏನಾದರೂ ನೋಡಬೇಕಾ ಅಂತ ಕೇಳಿದೆ. ಕಾಂಚೀಪುರ ಅನ್ನುತ್ತಾರೆ ಅಂದುಕೊಂಡಿದ್ದೆ. "ಶ್ರೀಹರಿಕೋಟೆ" ಅಂದರು.

ಇದರಲ್ಲಿ ಆಶ್ಚರ್ಯ ಪಡುವಂಥದ್ದು ಏನೂ ಇರಲಿಲ್ಲ ಅಂತ ಈಗ ಅನಿಸುತ್ತದೆ. ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದವರ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಇನ್ಸಾಟ್ ಸರಣಿಯ ಉಪಗ್ರಹಗಳನ್ನು 1982ರಿಂದ ಅಲ್ಲಿಂದಲೇ ನೋಡಿಕೊಳ್ಳುತ್ತಾ ಬಂದಿದ್ದಾರೆ. ಒಳಗೆ ಬಿಡಲಿ ಬಿಡದಿರಲಿ, ಪ್ರತಿವರ್ಷ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋಗಿ ಕಾಂಪೌಂಡಿನ ಆಚೆಯಿಂದ ಆ ಬಿಳಿ ಬಾಣಲೆಗಳನ್ನು ತೋರಿಸುತ್ತಿದ್ದರು. ನಮ್ಮ ಮನೆಯ ಟಿವಿಯಲ್ಲಿ ಚಿತ್ರ ಬರುತ್ತಿರುವುದು ನಮ್ಮೂರಿನವರು ಬಾಣಲೆ ಸರಿಯಾಗಿ ಹಿಡಿದಿರುವುದರಿಂದ ಅಂತ ನಾನು ಎಂಟನೇ ವಯಸ್ಸಿನವರೆಗೂ ನಂಬಿದ್ದೆ. ಪೂರ್ತಿ ತಪ್ಪೂ ಅಲ್ಲ.

ಡಿಸೆಂಬರ್ 4ಕ್ಕೆ ಪಿಎಸ್‌ಎಲ್‌ವಿ ಸಿ-59 ಇತ್ತು. ಸಂಜೆ 4.08. ನೋಡಲು ಗ್ಯಾಲರಿ ಕಟ್ಟಿದ್ದಾರೆ, ಆನ್‌ಲೈನಿನಲ್ಲಿ ಹೆಸರು ಕೊಡಬೇಕು. ತತ್ಕಾಲ್ ಟಿಕೆಟ್ ಮಾಡಿ ಪಳಗಿದ ಬೆರಳು, ಎರಡು ಸೀಟು ಸಿಕ್ಕವು. ಬುಧವಾರ ಒಂದು ದಿನ ರಜೆ ಹಾಕಿದೆ. ಗುರುವಾರ ಹಾಕುವ ಹಾಗಿರಲಿಲ್ಲ, ಮೂರು ತಿಂಗಳಿಂದ ಕಾಯುತ್ತಿದ್ದ ನಮ್ಮ ಟೀಮಿನ ರಿಲೀಸ್ ಅವತ್ತೇ.

ಹಿಂದಿನ ವಾರವಷ್ಟೇ ಫೆಂಗಲ್ ಚಂಡಮಾರುತ ಚೆನ್ನೈಯನ್ನು ನೆನೆಸಿ ಪುದುಚೇರಿಯ ಹತ್ತಿರ ದಡ ಸೇರಿತ್ತು. ವೇಳಚೇರಿಯವರಿಗೆ ಮಳೆ ಅಂದರೆ ಕಾರನ್ನು ಫ್ಲೈಓವರ್ ಮೇಲೆ ನಿಲ್ಲಿಸಿ ಬರುವ ಹಬ್ಬ. ಬುಧವಾರ ಬೆಳಿಗ್ಗೆ ಕಾರನ್ನು ಮೈಮೇಲಿನ ಎಲೆಗಳ ಸಮೇತ ತೆಗೆದು ಮಾಧವರಂ, ರೆಡ್‌ಹಿಲ್ಸ್ ದಾಟಿ ಕೋಲ್ಕತ್ತದ ಹೆದ್ದಾರಿ ಹಿಡಿದೆವು. ಗುಮ್ಮಿಡಿಪೂಂಡಿಯವರೆಗೆ ಲಾರಿಗಳ ಮೆರವಣಿಗೆ. ತಡದ ಹತ್ತಿರ ಆಂಧ್ರ ಶುರು. ಅಂಗಡಿ ಬೋರ್ಡುಗಳ ಅಕ್ಷರ ಕನ್ನಡದ ಹತ್ತಿರ ಬಂದವು. ಇಷ್ಟು ದಿನ ತಮಿಳು ಬೋರ್ಡುಗಳ ಎದುರು ಅನಕ್ಷರಸ್ಥರಾಗಿದ್ದ ಅಪ್ಪ ಚೂರು ನೆಟ್ಟಗೆ ಕೂತು, ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದತೊಡಗಿದರು. "ಸೂ-ಳ್ಳೂ-ರು-ಪೇ-ಟ."

"ಸುಳ್ಳೂರುಪೇಟೆ ಅಪ್ಪ, ಇಲ್ಲಿಂದ ಬಲಕ್ಕೆ."

"ಎಂಥಾ ಹೆಸರಿಟ್ಟಿದಾರೋ" ಅಂದರು. ಮೇಷ್ಟ್ರಿಗೆ ಸಂಜೆಯವರೆಗೆ ಅಗಿಯಲು ಒಂದು ಸಿಕ್ಕಿತು.

ದಾರಿಯುದ್ದಕ್ಕೂ ನಾನು ನನಗೆ ಗೊತ್ತಿರುವುದನ್ನೆಲ್ಲ ಹೇಳಿದೆ. ಈ ವಿಷಯದಲ್ಲಿ ನನ್ನ ಪಾಂಡಿತ್ಯದ ಮೂಲ ಒಂದು ವಿಡಿಯೋ ಗೇಮ್ ಅಂತ ಒಪ್ಪಿಕೊಂಡುಬಿಡುತ್ತೇನೆ. ಕರ್ಬಲ್ ಸ್ಪೇಸ್ ಪ್ರೋಗ್ರಾಮ್ ಅಂತ. ಹಸಿರು ಬಣ್ಣದ ಪುಟ್ಟ ಪ್ರಾಣಿಗಳನ್ನು ನಾವೇ ಕಟ್ಟಿದ ರಾಕೆಟ್ಟಿನಲ್ಲಿ ಕೂರಿಸಿ ಹಾರಿಸುವುದು. ಮೆಕ್ಸಿಕೋದ ಒಂದು ಸಣ್ಣ ಕಂಪನಿ ಮಾಡಿದ್ದು. ಅದರಲ್ಲಿ ನಾನು ಕಳೆದಿರುವ ಗಂಟೆಗಳನ್ನು ಇಲ್ಲಿ ಬರೆಯುವುದಿಲ್ಲ, ಹೆಂಡತಿ ಈ ಪತ್ರಿಕೆ ಓದುತ್ತಾಳೆ. ಆದರೆ ಇಂಜಿನಿಯರಿಂಗ್, ಅದರ ಮೇಲೊಂದು ಎಂ.ಟೆಕ್. ಮಾಡಿಯೂ ತಲೆಗೆ ಹತ್ತದ ಒಂದು ಮಾತು ಅದರಲ್ಲಿ ಹತ್ತಿತು: ಕಕ್ಷೆ ಸೇರುವುದು ಎಂದರೆ ಮೇಲಕ್ಕೆ ಹೋಗುವುದಲ್ಲ, ಪಕ್ಕಕ್ಕೆ ಹೋಗುವುದು. ನೆಲ ತಪ್ಪಿಹೋಗುವಷ್ಟು ಜೋರಾಗಿ ಪಕ್ಕಕ್ಕೆ ಬೀಳುತ್ತಲೇ ಇರುವುದು. ಗೇಮಿನಲ್ಲಿ ಎಫ್5 ಒತ್ತಿದರೆ ಆ ಕ್ಷಣ ಜೋಪಾನ. ರಾಕೆಟ್ ಸಿಡಿದರೆ ಎಫ್9 ಒತ್ತಿ ವಾಪಸ್ ಬರಬಹುದು. ನನ್ನ ಪೀಳಿಗೆಯ ಸಾಫ್ಟ್‌ವೇರಿನವರ ಬುದ್ಧಿ ಕೆಟ್ಟಿರುವುದು ಈ ಎಫ್9ರಿಂದಲೇ ಅಂತ ನನ್ನ ಅನುಮಾನ.

ಏರಿಯಾನ್ 5ರ ಕಥೆಯನ್ನೂ ಹೇಳಿದೆ. 1996ರ ಜೂನ್ 4ರಂದು ಯೂರೋಪಿನವರ ಹೊಸ ರಾಕೆಟ್ ಮೊದಲ ಹಾರಾಟದಲ್ಲೇ, ನಲವತ್ತು ಸೆಕೆಂಡು ಆಗುವ ಹೊತ್ತಿಗೆ ಪುಡಿಯಾಯಿತು. ಕಾರಣ, ಹಿಂದಿನ ಏರಿಯಾನ್ 4ರ ಸಾಫ್ಟ್‌ವೇರನ್ನು ಹಾಗೇ ಎತ್ತಿ ತಂದು ಹಾಕಿದ್ದರು. 64 ಬಿಟ್ಟಿನ ಒಂದು ಸಂಖ್ಯೆಯನ್ನು 16 ಬಿಟ್ಟಿಗೆ ಇಳಿಸುವ ಸಾಲು ಅದರಲ್ಲಿತ್ತು. ಹಳೆಯ ರಾಕೆಟ್ಟಿನ ವೇಗಕ್ಕೆ ಆ ಸಂಖ್ಯೆ ಹಿಡಿಯುತ್ತಿತ್ತು, ಹೊಸದು ಜೋರಾಗಿ ಹೋಯಿತು, ಸಂಖ್ಯೆ ಉಕ್ಕಿತು, ರಾಕೆಟ್ಟಿಗೆ ತಾನು ಯಾವ ದಿಕ್ಕಿನಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು. ತಮಾಷೆ ಅಂದರೆ, ಆ ಸಾಲು ಹಾರಿದ ಮೇಲೆ ಹೊಸ ರಾಕೆಟ್ಟಿಗೆ ಬೇಕಾಗಿಯೇ ಇರಲಿಲ್ಲ.

"ಹಳೇ ಬ್ಯಾಚಿನವರ ನೋಟ್ಸ್ ಕಾಪಿ ಹೊಡ್ಯೋ ಹುಡುಗ್ರು ಹಿಂಗೇ ಫೇಲಾಗ್ತಿದ್ರು" ಅಂದರು ಅಪ್ಪ. "ಸಿಲಬಸ್ ಬದಲಾಗಿದೆ ಅಂತಾನೂ ನೋಡ್ತಿರ್ಲಿಲ್ಲ."

ಸುಳ್ಳೂರುಪೇಟೆಯಿಂದ ದ್ವೀಪಕ್ಕೆ ಹೋಗುವ ರಸ್ತೆಯ ಬಗ್ಗೆ ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ರಾಕೆಟ್ ಹಾರದಿದ್ದರೂ ಈ ರಸ್ತೆಗಾಗಿಯೇ ಹೋಗಿಬರಬಹುದು. ಎರಡೂ ಕಡೆ ಪುಲಿಕಾಟ್ ಸರೋವರ, ನಡುವೆ ಒಂದು ಏರಿ, ಅದರ ಮೇಲೆ ಟಾರು. ಚಿಲ್ಕಾ ಬಿಟ್ಟರೆ ದೇಶದ ಅತಿ ದೊಡ್ಡ ಉಪ್ಪುನೀರಿನ ಸರೋವರ ಇದು. ಬೇಸಿಗೆಯಲ್ಲಿ ಕೆಸರು ಬಿರುಕು ಬಿಟ್ಟಿರುತ್ತದಂತೆ. ಚಂಡಮಾರುತದ ಮರುವಾರ ನಾವು ಹೋದಾಗ ನೀರು, ಆಕಾಶ ಎರಡೂ ಒಂದೇ ಬೂದಿ ಬಣ್ಣ, ಎಲ್ಲಿ ಸೇರುತ್ತವೆ ಗೊತ್ತಾಗುತ್ತಿರಲಿಲ್ಲ. ದೂರದಲ್ಲಿ ಒಂದಿಷ್ಟು ರಾಜಹಂಸಗಳು, ಯಾರೋ ಒಣಹಾಕಿ ಮರೆತ ಗುಲಾಬಿ ಬಟ್ಟೆಗಳ ಹಾಗೆ. ಇಸ್ರೋದ ಸಿಬ್ಬಂದಿ ಬಸ್ಸುಗಳು ಪಕ್ಕದಲ್ಲಿ ದಾಟಿಹೋಗುತ್ತಿದ್ದವು. ಒಂದು ದೇಶ ಚಂದ್ರನಿಗೆ ಹೋಗುವ ದಾರಿ ಹೀಗೆ ಎರಡು ಲೇನಿನ ಏರಿಯ ಮೇಲೆ, ಬಲೆ ಒಣಹಾಕಿದವರನ್ನು ತಪ್ಪಿಸಿಕೊಂಡು ಹೋಗುತ್ತದೆ ಅನ್ನುವುದು ನನಗೆ ಬಹಳ ಹಿಡಿಸಿತು.

ಈ ದ್ವೀಪ 1969ರಲ್ಲಿ ಆಯ್ಕೆಯಾಯಿತು. ಪೂರ್ವಕ್ಕೆ ಸಮುದ್ರ, ಭೂಮಿ ತಿರುಗುವ ದಿಕ್ಕಿಗೇ ಹಾರಿಸಿದರೆ ಸ್ವಲ್ಪ ವೇಗ ಪುಕ್ಕಟೆ, ಬಿದ್ದರೆ ನೀರಿಗೆ ಬೀಳುತ್ತದೆ. ಇಲ್ಲಿ ಕಾಡು ನಂಬಿ ಬದುಕುತ್ತಿದ್ದ ಯಾನಾದಿ ಜನರಿದ್ದರು. ಅವರು ಜಾಗ ಬಿಡಬೇಕಾಯಿತು. ಈ ಭಾಗ ಉಡಾವಣೆಯ ನೇರ ಪ್ರಸಾರದಲ್ಲಿ ಬರುವುದಿಲ್ಲ. 1971ರ ಅಕ್ಟೋಬರಿನಲ್ಲಿ ಇಲ್ಲಿಂದ ಮೊದಲ ಸಣ್ಣ ರೋಹಿಣಿ ರಾಕೆಟ್ ಹಾರಿತು. ಈಗಿರುವ ಸತೀಶ್ ಧವನ್ ಹೆಸರು ಬಂದದ್ದು 2002ರಲ್ಲಿ. ಧವನ್ ಆಗ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರೂ ಆಗಿದ್ದರು, ಅದನ್ನು ಬಿಟ್ಟು ಬರುವುದಿಲ್ಲ ಅಂದರು, ಹಾಗಾಗಿ ಇಸ್ರೋದ ಮುಖ್ಯ ಕಚೇರಿಯೇ ಬೆಂಗಳೂರಿಗೆ ಬಂತು. ವರ್ಕ್ ಫ್ರಂ ಹೋಮ್ ಕೇಳಿ ಗೆದ್ದವರಲ್ಲಿ ಅವರೇ ಮೊದಲಿಗರಿರಬೇಕು.

ಅಪ್ಪನಿಗೆ ಧವನ್ ಮೇಲೆ ಭಕ್ತಿ. 1979ರ ಆಗಸ್ಟಿನಲ್ಲಿ ಎಸ್‌ಎಲ್‌ವಿ-3ರ ಮೊದಲ ಪ್ರಯತ್ನ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ಮುಖ್ಯಸ್ಥರು ಕಲಾಂ. ಪತ್ರಕರ್ತರ ಎದುರು ಹೋಗಿ ಕೂತು ಬೈಸಿಕೊಂಡವರು ಧವನ್. ಮರುವರ್ಷ ಜುಲೈನಲ್ಲಿ ಗೆದ್ದಾಗ ಕಲಾಂ ಅವರನ್ನು ಮುಂದಕ್ಕೆ ಕಳಿಸಿದರು. ಕಲಾಂ ಇದನ್ನು ಜೀವನವಿಡೀ ಹೇಳಿಕೊಂಡು ಬಂದರು. ನಮ್ಮ ಕ್ಷೇತ್ರದಲ್ಲೂ ಸಿಸ್ಟಮ್ ಬಿದ್ದಾಗ, ಯಾರನ್ನೂ ದೂಷಿಸದ ವಿಚಾರಣೆ ಅಂತ ಒಂದು ಮೀಟಿಂಗ್ ಮಾಡುತ್ತಾರೆ. ಮುಗಿಯುವ ಹೊತ್ತಿಗೆ ಯಾರೆಂದು ಎಲ್ಲರಿಗೂ ಗೊತ್ತಾಗಿರುತ್ತದೆ.

ಗೆದ್ದಾಗ ಮಾತ್ರ ಹಕ್ಕುದಾರರು ಬಹಳ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹತ್ತು ನಿಮಿಷ ಎಲ್ಲರೂ ಭಾರತೀಯರಾಗಿದ್ದರು. ಹನ್ನೊಂದನೇ ನಿಮಿಷಕ್ಕೆ ನೆಹರೂ ಬಂದರು, ಹನ್ನೆರಡಕ್ಕೆ ಮೋದಿ ಬಂದರು, ಅರ್ಧ ಗಂಟೆಗೆ ಅಡ್ಮಿನ್ ಗುಂಪಿಗೆ ಬೀಗ ಹಾಕಿದರು. ಆಫೀಸಿನಲ್ಲಿ ಪಕ್ಷಕ್ಕಿಂತ ಭಾಷೆಯದೇ ಜೋರು. ಕಲಾಂ, ಶಿವನ್, ಮಯಿಲ್‌ಸಾಮಿ ಅಣ್ಣಾದುರೈ, ವೀರಮುತ್ತುವೇಲ್ ಅಂತ ತಮಿಳು ಗೆಳೆಯರು ಬೆರಳು ಮಡಿಚುತ್ತಾರೆ. ಮಲಯಾಳಿಗಳು ಮಾತಾಡದೆ ಮುಗುಳ್ನಗುತ್ತಾರೆ; ರಾಕೆಟ್ ತಯಾರಾಗುವುದೇ ತಿರುವನಂತಪುರದಲ್ಲಿ. ತೆಲುಗರು ಜಾಗ ಯಾರದ್ದು ಅನ್ನುತ್ತಾರೆ. ನಾನೊಬ್ಬ ಕನ್ನಡಿಗ ಉಡುಪಿ ಕಡೆಯ ಯು.ಆರ್. ರಾವ್ ಅವರಿಂದ ಶುರುಮಾಡಿ, ಪೀಣ್ಯದ ಶೆಡ್ಡಿನಲ್ಲಿ ತಯಾರಾದ ಆರ್ಯಭಟ, ಹಾಸನದವರೇ ಆದ ಕಿರಣ್ ಕುಮಾರ್, ಬ್ಯಾಲಾಳಿನ 32 ಮೀಟರ್ ಆಂಟೆನಾ ಅಂತ ಹೇಳುವಷ್ಟರಲ್ಲಿ ಟೀ ಮುಗಿದಿರುತ್ತದೆ. ಇನ್ನು ರಾಜಕಾರಣಿಗಳು. 2024ರ ಫೆಬ್ರುವರಿಯಲ್ಲಿ ಕುಲಶೇಖರಪಟ್ಟಿಣದಲ್ಲಿ ಎರಡನೇ ಉಡಾವಣಾ ಕೇಂದ್ರಕ್ಕೆ ಶಂಕುಸ್ಥಾಪನೆಯಾದಾಗ ತಮಿಳುನಾಡಿನ ಮಂತ್ರಿಯೊಬ್ಬರು ಪತ್ರಿಕೆಗೆ ಕೊಟ್ಟ ಜಾಹೀರಾತಿನಲ್ಲಿ ರಾಕೆಟ್ಟಿನ ತುದಿಗೆ ಚೀನಾದ ಬಾವುಟ ಇತ್ತು. ಡಿಸೈನ್ ಮಾಡಿದವರ ತಪ್ಪು ಅಂದರು. ನಂಬುತ್ತೇನೆ. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದನ್ನು ಹಾಗೇ ಅಂಟಿಸುವುದೇ ತಪ್ಪಾದರೆ ನಮ್ಮ ಉದ್ಯಮ ಅರ್ಧ ಮುಚ್ಚಬೇಕು.

ಗ್ಯಾಲರಿ ಅಂದರೆ ಬಯಲು ಥಿಯೇಟರಿನ ಥರ ಮೆಟ್ಟಿಲು. ಕಾಲೇಜಿನ ಹುಡುಗರು, ಶಾಲೆ ಮಕ್ಕಳು, ಬಾವುಟ, ಚಿತ್ರಾನ್ನದ ಡಬ್ಬಿಗಳು. ದೊಡ್ಡ ಪರದೆಯ ಮೇಲೆ ರಾಕೆಟ್. 44.5 ಮೀಟರ್ ಎತ್ತರ, 320 ಟನ್ ತೂಕ; ಹೊತ್ತು ಹೋಗಬೇಕಾಗಿದ್ದ ಸಾಮಾನು ಬರೀ 550 ಕೆಜಿ ಚಿಲ್ಲರೆ. ಉಳಿದಿದ್ದೆಲ್ಲ ಸುಟ್ಟುಹೋಗಲಿಕ್ಕೆ ಹುಟ್ಟಿದ್ದು. ನಮ್ಮ ರಾಕೆಟ್ಟುಗಳನ್ನು ನಡೆಸುವ ವಿಕ್ರಮ್ ಪ್ರೊಸೆಸರ್ 16 ಬಿಟ್ಟಿನದು, ಚಂಡೀಗಢದಲ್ಲಿ ತಯಾರಾದದ್ದು ಅಂತ ಅಪ್ಪನಿಗೆ ಹೇಳಿದೆ. ನನ್ನ ಜೇಬಿನ ಫೋನು 64 ಬಿಟ್ಟಿನದು, ಎಂಟು ಕೋರ್. ಅದರ ಮುಖ್ಯ ಕೆಲಸ ದೊಡ್ಡಪ್ಪನ ಗುಡ್ ಮಾರ್ನಿಂಗ್ ಗುಲಾಬಿಗಳನ್ನು ಡೌನ್‌ಲೋಡ್ ಮಾಡುವುದು.

ಆಮೇಲೆ ಉಪಗ್ರಹದ ವಿಷಯ ಬಂತು. ಪ್ರೋಬಾ-3, ಯೂರೋಪಿನ ಬಾಹ್ಯಾಕಾಶ ಸಂಸ್ಥೆಯದು. ಒಂದಲ್ಲ, ಎರಡು. ಮುಂದಿನದು 1.4 ಮೀಟರ್ ಅಗಲದ ತಟ್ಟೆ ಹಿಡಿದು ಸೂರ್ಯನಿಗೆ ಅಡ್ಡ ನಿಲ್ಲುತ್ತದೆ. ಹಿಂದಿನದು 150 ಮೀಟರ್ ದೂರದಲ್ಲಿ, ಆ ತಟ್ಟೆಯ ನೆರಳಿನಲ್ಲೇ ಕಣ್ಣಿಟ್ಟು ಸೂರ್ಯನ ಸುತ್ತಲಿನ ಪ್ರಭೆಯನ್ನು, ಕರೋನಾವನ್ನು, ನೋಡುತ್ತದೆ. ಎರಡೂ ಒಂದೇ ವಸ್ತುವೇನೋ ಅನ್ನುವ ಹಾಗೆ ಮಿಲಿಮೀಟರ್ ಲೆಕ್ಕದಲ್ಲಿ ಜಾಗ ಹಿಡಿದುಕೊಂಡಿರಬೇಕು, ಭೂಮಿಯಿಂದ 60 ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಸೂರ್ಯನ ಮೇಲ್ಮೈ ಐದೂವರೆ ಸಾವಿರ ಡಿಗ್ರಿ ಇದ್ದರೆ ಕರೋನಾ ಹತ್ತು ಲಕ್ಷ ಡಿಗ್ರಿಯ ಮೇಲೆ. ಒಲೆಗಿಂತ ಅದರ ಸುತ್ತಲಿನ ಗಾಳಿ ಯಾಕೆ ಹೆಚ್ಚು ಬಿಸಿ ಅನ್ನುವುದು ಇನ್ನೂ ಪೂರ್ತಿ ಬಿಡಿಸಿಲ್ಲದ ಗಂಟು. ಸಹಜ ಗ್ರಹಣದಲ್ಲಿ ಅದು ಕಾಣುವುದು ಕೆಲವೇ ನಿಮಿಷ. ಇವರ ಕೃತಕ ಗ್ರಹಣ ಒಂದು ಸುತ್ತಿಗೆ ಆರು ಗಂಟೆಯವರೆಗೂ ನಿಲ್ಲುತ್ತದೆ.

"ನಾನು ನೋಡಿದೀನಿ" ಅಂದರು ಅಪ್ಪ.

"ಯೂಟ್ಯೂಬಲ್ಲಾ?"

"ಅಂಕೋಲದಲ್ಲಿ."

1980ರ ಫೆಬ್ರುವರಿ 16. ಖಗ್ರಾಸ ಸೂರ್ಯಗ್ರಹಣ ಕಾರವಾರದ ಕಡೆಯಿಂದ ರಾಯಚೂರಿನ ಮೇಲೆ ಹಾದುಹೋಯಿತು. ಹಾಸನದಲ್ಲಿ ಪೂರ್ತಿ ಕಾಣುವುದಿಲ್ಲ ಅಂತ ಅಪ್ಪ ಹಿಂದಿನ ದಿನವೇ ಬಸ್ಸು ಹಿಡಿದು ಒಬ್ಬರೇ ಅಂಕೋಲಕ್ಕೆ ಹೋಗಿದ್ದರಂತೆ. ಮೂವತ್ತು ವರ್ಷ, ಮದುವೆಯಾಗಿರಲಿಲ್ಲ. ಅಜ್ಜಿ ಮೂರು ದಿನ ಮಾತು ಬಿಟ್ಟಿದ್ದರಂತೆ. ಆವತ್ತು ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ, ಎಲ್ಲರೂ ಬಾಗಿಲು ಹಾಕಿಕೊಂಡು ಒಳಗಿದ್ದರು. ಸಮುದ್ರದ ದಂಡೆಯಲ್ಲಿ ಒಬ್ಬರೇ ನಿಂತು ನೋಡಿದ್ದರು. ಹೊಗೆ ಹಿಡಿಸಿದ ಗಾಜು, ಕತ್ತಲಾದ ಮೇಲೆ ಗಾಜು ಇಳಿಸಿ ಬರಿಗಣ್ಣು. ಎರಡು ನಿಮಿಷ ಚಿಲ್ಲರೆ. "ಮಲ್ಲಿಗೆ ಹೂವು ಕಪ್ಪು ತಟ್ಟೆ ಹಿಂದೆ ಇಟ್ಟಂಗೆ" ಅಂದರು. ಮೂವತ್ತೆಂಟು ವರ್ಷ ನಾನು ಈ ಮನುಷ್ಯನ ಮಗ. ಇದನ್ನು ಒಂದು ಸಲವೂ ಕೇಳಿರಲಿಲ್ಲ. ಯಾಕೆ ಹೇಳಲಿಲ್ಲ ಅಂದರೆ, "ನೀನು ಕೇಳ್ಲಿಲ್ಲ" ಅಂದರು. ಸರಿಯೇ, ಇಂಥದ್ದನ್ನು ಹೇಗೆ ಕೇಳುವುದು.

ಇನ್ನೂ ಒಂದು ಗಂಟೆಯೂ ಉಳಿದಿರಲಿಲ್ಲ. ಉಪಗ್ರಹದಲ್ಲಿ ಏನೋ ತೊಂದರೆ ಕಂಡಿದೆ, ಉಡಾವಣೆ ನಾಳೆಗೆ ಅಂತ ಪ್ರಕಟಣೆ ಬಂತು. ಮೆಟ್ಟಿಲುಗಳ ಮೇಲೆ ಒಂದು ಕ್ಷಣ ನಿಶ್ಶಬ್ದ, ಆಮೇಲೆ ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಹೋಳಿಗೆ ಮುಗಿದಾಗ ಏಳುವ ಥರದ ಗುಜುಗುಜು. ಬಾವುಟಗಳನ್ನು ಸುತ್ತಿದರು. ಒಂದು ಮಗು ಅಳಲು ಶುರುಮಾಡಿತು. ಅಪ್ಪ ಎದ್ದು ನಿಂತು ಪಂಚೆ ಸರಿಮಾಡಿಕೊಂಡು ಅಂದರು: "ಸುಳ್ಳೂರು ಅಂತ ಸುಮ್ನೆ ಹೆಸರಿಟ್ಟಿಲ್ಲ ಕಣೋ."

ವಾಪಸ್ ಬರುವಾಗ ಸುಳ್ಳೂರುಪೇಟೆಯ ಚೆಂಗಾಳಮ್ಮನ ಗುಡಿಗೆ ಹೋದೆವು. ಉಡಾವಣೆಗೆ ಮುಂಚೆ ಇಸ್ರೋ ಅಧ್ಯಕ್ಷರು ಈ ಅಮ್ಮನಿಗೆ ಕೈಮುಗಿಯುವುದು ವಾಡಿಕೆ. ಇದನ್ನು ನೋಡಿ ಪ್ರತಿಸಲ ಟ್ವಿಟರಿನಲ್ಲಿ ವಿಜ್ಞಾನಿಗಳಿಗೆ ವೈಚಾರಿಕತೆ ಇಲ್ಲವೇ ಅಂತ ಗದ್ದಲ ಏಳುತ್ತದೆ. ಹಿಂದೆ ನಾನೂ ಕೂಗಿದ್ದೇನೆ. ಆದರೆ ಆಯುಧಪೂಜೆಗೆ ನಮ್ಮ ಸರ್ವರ್ ರೂಮಿನ ಬಾಗಿಲಿಗೆ ಕುಂಬಳಕಾಯಿ ಕಟ್ಟಿದಾಗ ಬೇಡ ಅಂದವನಲ್ಲ. ಸಾವಿರ ಭಾಗಗಳಲ್ಲಿ ಯಾವುದು ಕೈಕೊಡುತ್ತದೋ ಗೊತ್ತಿಲ್ಲದ ಕೆಲಸ ಮಾಡುವವರು ಲೆಕ್ಕವೆಲ್ಲ ಮುಗಿದ ಮೇಲೆ ಒಂದು ನಿಂಬೆಹಣ್ಣು ಇಟ್ಟರೆ ನನಗೆ ಈಗ ಸಿಟ್ಟು ಬರುವುದಿಲ್ಲ. ಲೆಕ್ಕದ ಬದಲಿಗೆ ಇಟ್ಟರೆ ಬರುತ್ತದೆ.

ಹೆದ್ದಾರಿಯಲ್ಲಿ ಅಪ್ಪ ಮಾತಾಡಲಿಲ್ಲ. ನಾಳೆ ನನಗೆ ರಜೆ ಇಲ್ಲ ಅಂದೆ. "ಅಯ್ಯೋ, ಬಿಡೋ" ಅಂದರು.

ರಾತ್ರಿ ಓದಿದೆ. ತೊಂದರೆ ಕಂಡದ್ದು ಕರೋನಾ ನೋಡುವ ಉಪಗ್ರಹದ ದಿಕ್ಕು ಸರಿಪಡಿಸುವ ವ್ಯವಸ್ಥೆಯಲ್ಲಿ, ಅದರಲ್ಲೂ ಮುಖ್ಯದ್ದು ಕೈಕೊಟ್ಟರೆ ಇರಲಿ ಅಂತ ಇಟ್ಟಿದ್ದ ಬದಲಿ ಭಾಗದಲ್ಲಿ. ಮುಖ್ಯದ್ದು ಸರಿಯಾಗಿಯೇ ಇತ್ತು. ಸ್ಟೆಪ್ನಿ ಟೈರಿನಲ್ಲಿ ಗಾಳಿ ಕಡಿಮೆ ಅಂತ ಮದುವೆ ದಿಬ್ಬಣ ನಿಲ್ಲಿಸಿದ ಹಾಗೆ. ಮರುದಿನದ ಹೊತ್ತಿಗೆ ಯೂರೋಪಿನವರು ಅದಕ್ಕೊಂದು ಸಾಫ್ಟ್‌ವೇರ್ ಪರಿಹಾರ ಬರೆದು ಮುಗಿಸಿದ್ದರು. ರಾಕೆಟ್ಟಿನ ತುದಿಯಲ್ಲಿ, ಮುಚ್ಚಳ ಹಾಕಿ ಕೂತಿರುವ ಉಪಗ್ರಹಕ್ಕೆ, ಒಂದು ದಿನದಲ್ಲಿ. ನಮ್ಮಲ್ಲಿ ಬಟನ್ನಿನ ಬಣ್ಣ ಬದಲಾಯಿಸಲು ಎರಡು ವಾರದ ಸ್ಪ್ರಿಂಟ್ ಬೇಕು.

ಗುರುವಾರ ಮಧ್ಯಾಹ್ನ ಮೂರೂವರೆಗೆ ನಮ್ಮ ಗೋ-ನೋಗೋ ಕಾಲ್. ಹೆಸರು ನಾಸಾದವರಿಂದ ಎರವಲು, ಉಳಿದದ್ದೇನನ್ನೂ ತಂದಿಲ್ಲ. ಒಬ್ಬ ಹುಡುಗಿ, ಸೇರಿ ಎಂಟು ತಿಂಗಳಾಗಿದೆ, ಬ್ಯಾಕಪ್ ಸರ್ವರಿನ ಲಾಗಿನಲ್ಲಿ ಒಂದು ಎಚ್ಚರಿಕೆ ಬರುತ್ತಿದೆ ಅಂದಳು. ಮುಖ್ಯದ್ದು ಸರಿಯಿದೆಯಲ್ಲ ಅಂದರು ಮೇಲಿನವರು. ಹೌದು ಅಂದಳು. ಗೋ ಅಂದರು. ಎಲ್ಲರೂ ಗೋ ಅಂದೆವು. ನಾನೂ ಅಂದೆ, ಹಿಂದಿನ ದಿನ ಸಂಜೆ ಎಲ್ಲಿದ್ದೆ ಅನ್ನುವುದು ಗೊತ್ತಿದ್ದೂ.

ಮೂರೂ ಐವತ್ತಕ್ಕೆ ಅಪ್ಪನ ಫೋನು.

"ಎಲ್ಲಿದೀರಿ, ಏನೋ ಗಲಾಟೆ ಕೇಳಿಸ್ತಿದೆ?"

"ಸುಳ್ಳೂರಲ್ಲಿ."

ನಾನು ಕಾರಿಡಾರಿಗೆ ಓಡಿದೆ. ಬೆಳಿಗ್ಗೆ ನಾವಿಬ್ಬರೂ ಆಫೀಸಿಗೆ ಹೊರಟ ಮೇಲೆ ಬಸ್ಸು ಹಿಡಿದು ಸೆಂಟ್ರಲ್‌ಗೆ ಹೋಗಿದ್ದಾರೆ. ಅಲ್ಲಿ ಲೋಕಲ್ ರೈಲಿನ ಕೌಂಟರಿನಲ್ಲಿ ಸುಳ್ಳೂರುಪೇಟೆ ಅಂದಿದ್ದಾರೆ, ಟಿಕೆಟ್ ಕೊಟ್ಟಿದ್ದಾರೆ. ಎರಡು ಗಂಟೆ ಚಿಲ್ಲರೆ. ಇಳಿದ ಮೇಲೆ ಹೋಟೆಲಿನಲ್ಲಿ ಊಟ ಮಾಡಿ, ಕೆರೆ ಎಲ್ಲಿ ಅಂತ ಕನ್ನಡದಲ್ಲೇ ಕೇಳಿದ್ದಾರೆ. ತೆಲುಗಿನ ಹುಡುಗನೊಬ್ಬ "ಚೆರುವಾ?" ಅಂತ ಬೈಕಿನಲ್ಲಿ ಕೂರಿಸಿಕೊಂಡು ಏರಿಯ ಮೇಲೆ ಒಂದಷ್ಟು ಜನ ನಿಂತಿದ್ದ ಕಡೆ ಬಿಟ್ಟುಹೋಗಿದ್ದಾನೆ. ಎಪ್ಪತ್ತನಾಲ್ಕು ವರ್ಷದವರು ಬೈಕಿನ ಹಿಂದೆ. ಬೈಯಲು ಬಾಯಿ ತೆರೆದೆ. "ಆಮೇಲೆ ಬೈಯುವಂತೆ, ಈಗ ಟೈಮ್ ಇಲ್ಲ" ಅಂದರು. "ಕಟ್ ಮಾಡಬೇಡ. ಹಂಗೇ ಇರ್ಲಿ."

ಒಂದು ಕಿವಿಗೆ ಫೋನ್, ಕೈಯಲ್ಲಿ ಲ್ಯಾಪ್‌ಟಾಪ್, ಅದರಲ್ಲಿ ಇಸ್ರೋದ ನೇರ ಪ್ರಸಾರ. 4.04ಕ್ಕೆ ಅಂತ ಹೇಳಿದ್ದರು. ನನ್ನ ಪರದೆಯ ಮೇಲೆ ಇನ್ನೂ ಎಣಿಕೆ ನಡೆಯುತ್ತಿತ್ತು. ಕಿವಿಯಲ್ಲಿ ಒಮ್ಮೆಗೇ ಜನರ ಕೂಗು, ಅದರ ನಡುವೆ ಅಪ್ಪ: "ಹೋಯ್ತು! ಹೋಯ್ತು ಕಣೋ!"

"ಇಲ್ಲಪ್ಪ, ಇನ್ನೂ ಇಲ್ಲೇ ಇದೆ."

"ಎಲ್ಲಿದೆ ಇಲ್ಲೇ? ಕಣ್ಣೆದುರಿಗೆ ಹೋಗ್ತಿದೆ!"

ನೇರ ಪ್ರಸಾರ ಅನ್ನುವುದು ನೇರ ಅಲ್ಲ. ಕ್ಯಾಮೆರಾದಿಂದ ಹೊರಟ ಚಿತ್ರ ಕುಗ್ಗಿ, ತುಂಡಾಗಿ, ಎಲ್ಲೆಲ್ಲಿಯೋ ಸರ್ವರುಗಳನ್ನು ಸುತ್ತಿ ಬರುವಷ್ಟರಲ್ಲಿ ಅರ್ಧ ನಿಮಿಷ ಹೋಗಿರುತ್ತದೆ. ನಾನೇ ಹೊಸಬರಿಗೆ ಪಾಠ ಹೇಳುವ ವಿಷಯ ಇದು. ನನ್ನ ಪರದೆಯಲ್ಲಿ ರಾಕೆಟ್ ಇನ್ನೂ ಕಂಬಕ್ಕೆ ಅಂಟಿಕೊಂಡು ನಿಂತಿತ್ತು, ಅಪ್ಪನ ಕಣ್ಣಿನಲ್ಲಿ ಅದಾಗಲೇ ಮೇಲೇರಿತ್ತು. ಕೊನೆಗೂ ನನ್ನದೂ ಹೊತ್ತಿಕೊಂಡಿತು. ಅದು ಕಂಬ ಬಿಟ್ಟು ನಿಧಾನಕ್ಕೆ ಬಾಗುವುದನ್ನು ನೋಡುತ್ತಿದ್ದೆ. ಅಪ್ಪ ಮಾತು ನಿಲ್ಲಿಸಿದ್ದರು. ಅಲ್ಲಿ ಜನರೂ ಸುಮ್ಮನಾಗಿದ್ದರು. ಕರೆ ಕಟ್ಟಾಯಿತೇನೋ ಅಂದುಕೊಂಡೆ.

ಆಗ ಕಿವಿಯಲ್ಲಿ ಏನೋ ಶುರುವಾಯಿತು. ಮೊದಲು ದೂರದ ಗೂಡ್ಸ್ ರೈಲಿನಂತೆ, ಆಮೇಲೆ ಒಣಗಿದ ತೆಂಗಿನ ಗರಿಗಳನ್ನು ಯಾರೋ ರಾಶಿ ರಾಶಿ ಮುರಿಯುತ್ತಿರುವಂತೆ. ಬೆಳಕು ಆಗಲೇ ಬಂದು ಹೋಗಿತ್ತು, ಯೂಟ್ಯೂಬೂ ಬಂದಾಗಿತ್ತು. ಹದಿನಾರು ಹದಿನೇಳು ಕಿಲೋಮೀಟರ್ ನೀರಿನ ಮೇಲಿಂದ, ಕಿಲೋಮೀಟರಿಗೆ ಮೂರು ಸೆಕೆಂಡಿನಂತೆ, ಸದ್ದು ಈಗ ಏರಿಗೆ ತಲುಪಿತ್ತು. ಅಪ್ಪ ಫೋನನ್ನು ಮೇಲಕ್ಕೆ ಹಿಡಿದಿದ್ದರು ಅಂತ ಕಾಣುತ್ತದೆ, ಅವರ ದನಿ ದೂರದಿಂದ ಬಂತು.

"ಕೇಳ್ತಾ?"

"ಕೇಳ್ತು."

ಹದಿನೆಂಟು ನಿಮಿಷದ ನಂತರ ಉಪಗ್ರಹಗಳು ಬೇರ್ಪಟ್ಟವು. ಅದನ್ನು ನಾನು ಒಬ್ಬನೇ ನೋಡಿದೆ. ಅಪ್ಪ ಅಷ್ಟರಲ್ಲಿ ರೈಲಿಗೆ ಲೇಟಾಗುತ್ತೆ ಅಂತ ಯಾರದ್ದೋ ಆಟೋ ಹತ್ತಿದ್ದರು.

ರಾತ್ರಿ ಒಂಬತ್ತೂವರೆಗೆ ಮನೆಗೆ ಬಂದರು, ಕಾಲೆಲ್ಲ ಕೆಸರು, ಕೈಯಲ್ಲಿ ಒಂದು ಪೊಟ್ಟಣ ನೆಲ್ಲೂರಿನ ಕಡೆಯ ಕಾರ ಸೇವು. ತೆಗೆದ ವಿಡಿಯೋ ತೋರಿಸಿದರು. ಐವತ್ತು ಸೆಕೆಂಡು, ಮುಕ್ಕಾಲು ಭಾಗ ಅವರ ಹೆಬ್ಬೆರಳು. ಹೆಂಡತಿ ಬೈದಳು, ನಾನು ಬೈಯಲಿಲ್ಲ. ಹನ್ನೊಂದಕ್ಕೆ ನನಗೆ ಆಫೀಸಿನಿಂದ ಕರೆ ಬಂತು: ಮುಖ್ಯ ಸರ್ವರ್ ಬಿದ್ದಿದೆ, ಬ್ಯಾಕಪ್ ಏಳುತ್ತಿಲ್ಲ. ಬೆಳಗಿನ ಜಾವ ಮೂರರವರೆಗೆ ಕೂತು ಎಲ್ಲವನ್ನೂ ಹಳೆಯದಕ್ಕೆ ಮರಳಿಸಿದೆವು. ನಮಗೆ ಎಫ್9 ಇದೆಯಲ್ಲ. ಎಚ್ಚರಿಕೆ ಹೇಳಿದ್ದ ಆ ಹುಡುಗಿಯೂ ಕಾಲ್‌ನಲ್ಲಿದ್ದಳು. ನಾನು ಹೇಳಿದ್ದೆ ಅಂತ ಅವಳು ಒಂದು ಸಲವೂ ಅನ್ನಲಿಲ್ಲ. ಸೋಮವಾರದ ವಿಚಾರಣೆಯಲ್ಲಿ ಅದನ್ನು ನಾನೇ ಹೇಳಿದೆ. ಗೋ ಅಂದವರ ಪಟ್ಟಿಯಲ್ಲಿ ನನ್ನ ಹೆಸರನ್ನೂ.

ಶುಕ್ರವಾರ ರಾತ್ರಿ ಸೆಂಟ್ರಲ್‌ನಲ್ಲಿ ಅಪ್ಪನನ್ನು ರೈಲು ಹತ್ತಿಸಿದೆ. ಟಿಕೆಟ್ ರದ್ದು ಮಾಡುವ ಮಾತನ್ನು ಎರಡು ವಾರದಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ. ಪ್ಲಾಟ್‌ಫಾರಮ್ಮಿನಲ್ಲಿ ಬಚ್ಚಲಿಗೆ ಹಿಡಿಕೆ ಹಾಕಿಸಿ ಅಂತ ಮಾತ್ರ ಹೇಳಿದೆ. ಹಾಕಿಸಿದರು. ಇನ್ನೊಂದು ಕಣ್ಣಿನ ಪೊರೆಯನ್ನು ಮಾರ್ಚಿನಲ್ಲಿ ಹಾಸನದಲ್ಲೇ ತೆಗೆಸಿದರು.

2025ರ ಜೂನಿನಲ್ಲಿ ಪ್ರೋಬಾ-3ರ ಮೊದಲ ಚಿತ್ರಗಳು ಹೊರಬಂದವು. ಎರಡು ಉಪಗ್ರಹಗಳು ಸಾಲಾಗಿ ನಿಂತು, ತಾವೇ ಗ್ರಹಣವನ್ನು ಮಾಡಿ, ಸೂರ್ಯನ ಕರೋನಾವನ್ನು ತೆಗೆದಿದ್ದವು. ಅಪ್ಪನಿಗೆ ವಾಟ್ಸಾಪ್ ಮಾಡಿದೆ, ದೊಡ್ಡದಾಗಿ ಮಾಡಿ ನೋಡಿ ಅಂತ ಬರೆದು. ಎರಡು ನೀಲಿ ಗೆರೆ ಬಂದು ಒಂದು ಗಂಟೆಯಾದ ಮೇಲೆ ಉತ್ತರ ಬಂತು.

"ಚೆನ್ನಾಗಿದೆ. ಅಂಕೋಲದಲ್ಲಿ ಇನ್ನೂ ಚೆನ್ನಾಗಿತ್ತು."